ಕಲ್ಲಿನಲ್ಲಿ ಕಡೆದ ಏಳು ಸಂಸ್ಕಾರಗಳು

ಇಂಗ್ಲೆಂಡ್ ದೇಶದ ಪೂರ್ವಭಾಗದಲ್ಲಿ ಸಮುದ್ರದೊಳಕ್ಕೆ ಉಬ್ಬಿಕೊಂಡಂತೆ ತೋರುವ ಭೂಭಾಗಕ್ಕೆ ನಾರ್ಫಕ್ ಎಂದು ಹೆಸರು. ಅಲ್ಲಿ ಪರ್ವತಗಳಿಲ್ಲ, ಮಹಾರಣ್ಯಗಳಿಲ್ಲ. ಗೋದಿ ಮತ್ತು ಬಾರ್ಲಿಯ ಹೊಲಗಳು ಕಣ್ಣು ಹರಿಯುವಷ್ಟು ದೂರ ಹಬ್ಬಿವೆ. ಆ ಬಯಲಿನಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಒಂದಲ್ಲ ಒಂದು ಇಗರ್ಜಿಯ ಗೋಪುರವು ಕಾಣಬರುವುದು. ಮಧ್ಯಯುಗದಲ್ಲಿ ಕಟ್ಟಿದ ಇಗರ್ಜಿಗಳು ಈ ಒಂದು ಸೀಮೆಯಲ್ಲಿಯೇ 600ಕ್ಕೆ ಮೇಲ್ಪಟ್ಟು ಉಳಿದಿವೆ. ಒಳ್ಳೆಯ ಕಟ್ಟಡದ ಕಲ್ಲು ಅಲ್ಲಿನ ನೆಲದಲ್ಲಿ ದೊರೆಯದು. ಆದುದರಿಂದ ಹೊಲಗಳಲ್ಲಿ ಸಿಕ್ಕುವ ಚಕಮಕಿ ಕಲ್ಲುಗಳನ್ನೇ ಗಾರೆಯಲ್ಲಿ ಹುದುಗಿಸಿ ಗೋಡೆಗಳನ್ನು ಎಬ್ಬಿಸಿದರು. ಕೆತ್ತನೆಯ ಕೆಲಸಕ್ಕೆ ಬೇಕಾದ ಕಲ್ಲನ್ನು ಹೊರಗಿನಿಂದ ತರಿಸಿದರು. ಇದಕ್ಕೆಲ್ಲ ಬೇಕಾದ ದ್ರವ್ಯವು ಉಣ್ಣೆಯಿಂದಲೂ ಉಣ್ಣೆಯ ಬಟ್ಟೆಯ ವ್ಯಾಪಾರದಿಂದಲೂ ಬಂದಿತು.

ಈ ಇಗರ್ಜಿಗಳಲ್ಲಿ ಪ್ರವಾಸಿಗಳು ಸಾಮಾನ್ಯವಾಗಿ ಮರದ ಚಾವಣಿಗಳನ್ನೂ ಬಣ್ಣದ ಗಾಜುಗಳನ್ನೂ ನೋಡಿ ಹೊರಟುಹೋಗುವರು. ನಾರ್ವಿಚ್ ಪಟ್ಟಣದಲ್ಲಿ ಕೆಲವು ವಾರ ತಂಗಿದ್ದ ನನ್ನನ್ನು ಸೆಳೆದ ವಸ್ತುವು ಬೇರೊಂದು. ಇಗರ್ಜಿಯ ಪಶ್ಚಿಮ ತುದಿಯಲ್ಲಿ, ಬಾಗಿಲಿಗೆ ಸಮೀಪವಾಗಿ, ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಯೊಂದು ಇರುತ್ತದೆ. ನಾರ್ಫಕ್ ಸೀಮೆಯಲ್ಲಿಯೂ ಅದರ ನೆರೆಯ ಸಫಕ್ ಸೀಮೆಯಲ್ಲಿಯೂ ಸುಮಾರು 40 ಇಗರ್ಜಿಗಳಲ್ಲಿ ಈ ತೊಟ್ಟಿಯು ಎಂಟು ಮುಖಗಳುಳ್ಳದ್ದಾಗಿದ್ದು, ಏಳು ಮುಖಗಳಲ್ಲಿ ಕ್ರೈಸ್ತರ ಏಳು ಸಂಸ್ಕಾರಗಳನ್ನು ಕಡೆದಿದ್ದಾರೆ. ಎಂಟನೆಯ ಮುಖದಲ್ಲಿ ಕ್ರಿಸ್ತನ ಶಿಲುಬೆಯನ್ನೋ ಅವನ ಸ್ನಾನವನ್ನೋ ಬೇರೊಂದು ಪುಣ್ಯಪ್ರಸಂಗವನ್ನೋ ತೋರಿಸಿರುವರು. ಈ ಎರಡು ಸೀಮೆಗಳನ್ನು ಬಿಟ್ಟರೆ ಇಂಗ್ಲೆಂಡಿನಲ್ಲೆಲ್ಲ ಇಂತಹವು ಎರಡೇ ಇವೆ. ಐನೂರು ವರ್ಷಗಳ ಹಿಂದಿನ ಸಂಸಾರಿಗಳ ಬಾಳು ಹೇಗಿದ್ದಿತೆಂಬುದನ್ನು ಯಾವ ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ಈ ಕಲ್ಲುಗಳು ಹೇಳುತ್ತವೆ.

ಮೊದಲು ಪದದ ವಿಚಾರ. ಲ್ಯಾಟಿನ್ ಭಾಷೆಯಲ್ಲಿ ‘ಸಕ್ರಮೆಂಟುಂ’ ಎಂದರೆ ಮೂಲತಃ ರೋಮಿನ ಸೈನಿಕನು ಮಾಡುತ್ತಿದ್ದ ಪ್ರತಿಜ್ಞೆ. ಗ್ರೀಕರು ‘ರಹಸ್ಯ’ ಎಂಬರ್ಥದ ಶಬ್ದವನ್ನು ಬಳಸಿದರು. ಕನ್ನಡದ ಕ್ರೈಸ್ತರು ಆರಿಸಿಕೊಂಡ ಪದವು ‘ಸಂಸ್ಕಾರ’. ಗೌತಮನ ಧರ್ಮಸೂತ್ರವು ನಲವತ್ತು ಸಂಸ್ಕಾರಗಳನ್ನು ಎಣಿಸುತ್ತದೆ, ಲೋಕರೂಢಿಯಲ್ಲಿ ಹದಿನಾರು. ಎರಡು ಮತಗಳ ತತ್ತ್ವಗಳು ಬೇರೆಬೇರೆಯಾದರೂ, ಹುಟ್ಟು, ಮದುವೆ, ಸಾವು ಇವುಗಳನ್ನು ಮನುಷ್ಯನು ಒಬ್ಬಂಟಿಗನಾಗಿ ದಾಟಬಾರದೆಂಬ ಭಾವವು ಎರಡರಲ್ಲಿಯೂ ಉಂಟಾದ್ದರಿಂದ ಈ ಪದವು ಒಪ್ಪುವುದು. ಸಂಸ್ಕಾರಗಳು ಏಳೇ ಎಂಬ ಎಣಿಕೆಯು ಯೂರೋಪಿನಲ್ಲಿ ಆದಿಯಿಂದಲೂ ಇದ್ದುದಲ್ಲ. 12ನೆಯ ಶತಮಾನದ ಮಧ್ಯದಲ್ಲಿ ಪ್ಯಾರಿಸ್ ನಗರದ ಪೀಟರ್ ಲೊಂಬಾರ್ಡ್ ಎಂಬ ಪಂಡಿತನು ತನ್ನ ಪಾಠಗ್ರಂಥದಲ್ಲಿ ಏಳೆಂದು ನಿಲ್ಲಿಸಿದನು. 1439ರಲ್ಲಿ ಫ್ಲಾರೆನ್ಸ್ ನಗರದ ಮಹಾಸಭೆಯು ಅದನ್ನು ಶಾಸನರೂಪವಾಗಿ ಸಾರಿತು. ದೀಕ್ಷಾಸ್ನಾನ, ದೃಢೀಕರಣ, ಪಾಪನಿವೇದನೆ, ಪರಮಪ್ರಸಾದ, ಯಾಜಕದೀಕ್ಷೆ, ವಿವಾಹ, ಅಂತ್ಯಾಭ್ಯಂಜನ ಎಂಬಿವೇ ಆ ಏಳು.

ನಾರ್ವಿಚ್ ನಗರದ ಈಶಾನ್ಯದಲ್ಲಿ ಸ್ಲೋಲಿ ಎಂಬ ಸಣ್ಣ ಗ್ರಾಮವಿದೆ. ಅಲ್ಲಿನ ತೊಟ್ಟಿಯು ಈ ಬಗೆಯವುಗಳಲ್ಲಿ ಅತ್ಯಂತ ಕಡಮೆ ಕೆಟ್ಟಿರುವುದರಲ್ಲಿ ಒಂದು. ಕಲ್ಲಿನ ಮೂರ್ತಿಗಳು ಒಂದೊಂದು ಗೇಣಿನಷ್ಟಿರಬಹುದು. ಒಂದೊಂದು ಮುಖದಲ್ಲಿಯೂ ಜನ ಕಿಕ್ಕಿರಿದಿದ್ದಾರೆ. ಪಾದ್ರಿ ಮತ್ತು ಸಂಸ್ಕಾರ ಪಡೆಯುವವನು ಮಾತ್ರವಲ್ಲದೆ ಹಿಂದೆಯೂ ಪಕ್ಕದಲ್ಲಿಯೂ ನೆಂಟರು, ನೆರೆಯವರು, ದೀಪ ಹಿಡಿದ ಹುಡುಗ, ಪುಸ್ತಕ ಹಿಡಿದ ಪರಿಚಾರಕ. ಸಾಕ್ಷಿಯಿಲ್ಲದೆ ಯಾವ ಸಂಸ್ಕಾರವೂ ನಡೆಯುತ್ತಿರಲಿಲ್ಲವೆಂಬುದನ್ನು ಶಿಲ್ಪಿಯು ಮರೆತಿಲ್ಲ.

ಮೊದಲನೆಯದು ದೀಕ್ಷಾಸ್ನಾನ. ಪಾದ್ರಿಯು ಬೆತ್ತಲೆ ಶಿಶುವನ್ನು ಎತ್ತಿ ನೀರಿನಲ್ಲಿ ಮುಳುಗಿಸುವನು. ಸುತ್ತಲೂ ಜ್ಞಾನಪಿತೃ ಜ್ಞಾನಮಾತೃಗಳು ನಿಂತಿರುವರು. ಹೆತ್ತ ತಾಯಿಯು ಅಲ್ಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ನಮ್ಮಲ್ಲಿ ಪುರುಡು ಕಳೆಯುವವರೆಗೆ ಬಾಣಂತಿಯು ಹೇಗೆ ದೇವಸ್ಥಾನಕ್ಕೆ ಹೋಗಳೋ ಹಾಗೆಯೇ ಅವಳೂ ಕೆಲವು ವಾರ ಮನೆಯಲ್ಲಿದ್ದು, ಅನಂತರ ಪಾದ್ರಿಯ ಆಶೀರ್ವಾದ ಪಡೆದು ಇಗರ್ಜಿಯನ್ನು ಪ್ರವೇಶಿಸುವಳು. ಗಂಡುಮಗುವಿಗೆ ಇಬ್ಬರು ಜ್ಞಾನಪಿತೃಗಳು, ಒಬ್ಬ ಜ್ಞಾನಮಾತೆ. ಹೆಣ್ಣುಮಗುವಿಗೆ ಇದರ ವಿಪರ್ಯಯ. ಏಳು ವರ್ಷ ತುಂಬುವವರೆಗೆ ಮಗುವನ್ನು ಬೆಂಕಿಯಿಂದಲೂ ನೀರಿನಿಂದಲೂ ಕಾಪಾಡಬೇಕೆಂದು, ಮೂರು ಮುಖ್ಯ ಪ್ರಾರ್ಥನೆಗಳನ್ನು ಕಲಿಸಬೇಕೆಂದು ಪಾದ್ರಿಯು ಅವರಿಗೆ ಆಜ್ಞಾಪಿಸುತ್ತಿದ್ದನು. ಈ ಸಂಬಂಧವು ರಕ್ತಸಂಬಂಧಕ್ಕೆ ಸಮಾನವಾದುದು. ಇದನ್ನು ಹೊಂದಿದ ಕುಟುಂಬಗಳಲ್ಲಿ ಪರಸ್ಪರ ಮದುವೆಗೆ ಅನೇಕ ನಿಷೇಧಗಳಿದ್ದುವು.

ಈ ನೀರಿಲ್ಲದೆ ಸತ್ತ ಶಿಶುವಿಗೆ ಸ್ವರ್ಗವಿಲ್ಲವೆಂದೂ, ಅದನ್ನು ಇಗರ್ಜಿಯ ಪವಿತ್ರ ಭೂಮಿಯಲ್ಲಿ ಹೂಳಬಾರದೆಂದೂ ನಿಯಮವಿದ್ದಿತು. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಉಳಿಯದಿದ್ದ ಕಾಲದಲ್ಲಿ ಈ ನಿಯಮವು ತಾಯಂದಿರ ಎದೆಯ ಮೇಲೆ ಎಂತಹ ಕಲ್ಲಾಗಿದ್ದಿರಬೇಕು! ಆದುದರಿಂದಲೇ ಇಗರ್ಜಿಯು ಒಂದು ರಿಯಾಯಿತಿಯನ್ನು ಕೊಟ್ಟಿತು: ಶಿಶುವಿನ ಪ್ರಾಣಕ್ಕೆ ಅಪಾಯವಿದ್ದಾಗ ಯಾರು ಬೇಕಾದರೂ, ಸೂಲಗಿತ್ತಿಯಾದರೂ ಸರಿಯೆ, ತನ್ನ ಮನೆಮಾತಿನಲ್ಲಿಯೇ ಮಂತ್ರವನ್ನು ಹೇಳಿ ನೀರೆರೆಯಬಹುದು. ಆ ಮಾತುಗಳನ್ನು ಜನರಿಗೆ ಸರಿಯಾಗಿ ಕಲಿಸಿಕೊಡುವುದು ಪಾದ್ರಿಯ ಕರ್ತವ್ಯವಾಗಿದ್ದಿತು.

ಸ್ನಾನಕ್ಕೆ ಲೌಕಿಕವಾದ ಮತ್ತೊಂದು ಪ್ರಯೋಜನವೂ ಇದ್ದಿತು. ಇಂಗ್ಲೆಂಡಿನ ಇಗರ್ಜಿಗಳಲ್ಲಿ ಜನನ ವಿವಾಹ ಮರಣಗಳ ಲೆಕ್ಕದ ಪುಸ್ತಕವನ್ನು ಇಡಬೇಕೆಂದು ಆಜ್ಞೆಯಾದುದು 1538ರಲ್ಲಿ. ಅದಕ್ಕೆ ಮೊದಲು ಒಬ್ಬ ಜಮೀನುದಾರನ ಮಗನು ಪ್ರಾಯಕ್ಕೆ ಬಂದನೇ ಇಲ್ಲವೇ ಎಂದು ತೀರ್ಮಾನಿಸಬೇಕಾದರೆ ನೆರೆಯವರನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದರು. ಅವನಿಗೆ ಸ್ನಾನವಾದ ದಿನವನ್ನು ಅವರು ತಮ್ಮ ಮನೆಯ ಮದುವೆ, ಸಾವು, ಪ್ರಯಾಣಗಳೊಡನೆ ಹೊಂದಿಸಿ ಜ್ಞಾಪಿಸಿಕೊಂಡು ಹೇಳಬೇಕು. ಹೀಗೆ ಊರಿನ ನೆನಪೇ ದಫ್ತರವಾಗಿದ್ದಿತು.

ಎರಡನೆಯದಾದ ದೃಢೀಕರಣವನ್ನು ಬಿಷಪ್ಪರೇ ಮಾಡಬೇಕು. ಈ ತೊಟ್ಟಿಗಳಲ್ಲಿ ಕಂಕುಳ ಕೂಸುಗಳನ್ನು ಎತ್ತಿ ಹಿಡಿದವರ ಮುಂದೆ ಬಿಷಪ್ಪರು ನಿಂತಿರುವುದನ್ನು ನೋಡಿದರೆ, ಆ ಕಾಲದಲ್ಲಿ ಅದು ಶೈಶವದಲ್ಲಿಯೇ ನಡೆಯುತ್ತಿದ್ದಿತೆಂದು ತಿಳಿಯುವುದು. ಅನಂತರ ರಾಣಿಯಾದ ಎಲಿಜಬೆತ್ತಳಿಗೆ 1533ರಲ್ಲಿ ಹುಟ್ಟಿದ ಮೂರನೆಯ ದಿನವೇ ಸ್ನಾನ ದೃಢೀಕರಣಗಳೆರಡೂ ಆದುವು.

ಪಾಪನಿವೇದನೆಯ ಮುಖವು ನೋಡಲು ಸ್ವಾರಸ್ಯವಾದುದು. ಪಾದ್ರಿಯು ಪೀಠದಲ್ಲಿ ಕುಳಿತಿರುವನು. ಅವನ ಬಳಿ ಒಬ್ಬನು ಮೊಣಕಾಲೂರಿರುವನು. ಕೆಲವು ತೊಟ್ಟಿಗಳಲ್ಲಿ ಬಾಲವುಳ್ಳ ಪಿಶಾಚಿಯು ಮುಖ ಸಪ್ಪಗೆ ಮಾಡಿಕೊಂಡು ಹಿಂದಿನಿಂದ ನುಸುಳಿಹೋಗುವುದು. ಪಾಪನಿವೇದನೆಗೆ ಈಗ ಕಾಣುವ ಮರದ ಗೂಡುಗಳು ಆಗ ಇರಲಿಲ್ಲ. ಎಲ್ಲರೂ ಕಾಣುವಂತೆ, ಆದರೆ ಯಾರಿಗೂ ಕೇಳದಂತೆ, ತೆರೆದ ಇಗರ್ಜಿಯಲ್ಲಿಯೇ ಅದು ನಡೆಯುತ್ತಿದ್ದಿತು. 1215ರಲ್ಲಿ ರೋಮಿನ ಲ್ಯಾಟರನ್ ಸಭೆಯು ಪ್ರಾಪ್ತವಯಸ್ಕರಾದ ಸ್ತ್ರೀಪುರುಷರೆಲ್ಲರೂ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಿ ಈಸ್ಟರ್ ಹಬ್ಬದಲ್ಲಿ ಪರಮಪ್ರಸಾದವನ್ನು ಸ್ವೀಕರಿಸಬೇಕೆಂದು ವಿಧಿಸಿತು. ಕದ್ದ ವಸ್ತುವನ್ನು ಹಿಂದಿರುಗಿಸದೆ, ಜಗಳವಾಡಿದ ನೆರೆಯವನೊಡನೆ ರಾಜಿಯಾಗದೆ ಕ್ಷಮೆಯು ದೊರೆಯುತ್ತಿರಲಿಲ್ಲ. ಊರಿಗೆ ಊರೇ ವರ್ಷಕ್ಕೊಮ್ಮೆ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಕಾಲ ಅದು.

ಪರಮಪ್ರಸಾದದ ಮುಖದಲ್ಲಿ ಪಾದ್ರಿಯು ಬೆನ್ನು ಕಾಣುವಂತೆ ನಿಂತು ಪವಿತ್ರವಾದ ರೊಟ್ಟಿಯನ್ನು ತಲೆಯ ಮೇಲಕ್ಕೆ ಎತ್ತಿರುವನು. ಜನರು ಅದನ್ನು ತಿನ್ನುತ್ತಿದ್ದುದು ವರ್ಷಕ್ಕೊಮ್ಮೆ. ಆದರೆ ಕಾಣುತ್ತಿದ್ದುದು ಪ್ರತಿ ಬಲಿಪೂಜೆಯಲ್ಲಿಯೂ. ಗಂಟೆಯು ಬಾರಿಸಿದೊಡನೆ ಎಲ್ಲರೂ ಮೊಣಕಾಲೂರಿ ಕಣ್ಣೆತ್ತಿ ನೋಡುವರು. ಆ ದರ್ಶನವೇ ಪುಣ್ಯ. ಇದಲ್ಲದೆ ಪ್ರತಿ ಭಾನುವಾರವೂ ಒಂದೊಂದು ಮನೆಯವರು ಸರದಿಯಂತೆ ಸಾಮಾನ್ಯವಾದ ರೊಟ್ಟಿಯನ್ನು ತರುವರು; ಅದನ್ನು ಪಾದ್ರಿಯು ಆಶೀರ್ವದಿಸಿ ತುಂಡುಮಾಡಿ ಎಲ್ಲರಿಗೂ ಹಂಚುವನು. ದೇವಸ್ಥಾನದ ಪ್ರಸಾದವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹಂಚುವಾಗ ಯಾರಿಗೆ ಮೊದಲು, ಯಾರಿಗೆ ದೊಡ್ಡ ತುಂಡು ಎಂಬ ಮನಸ್ತಾಪಗಳು ಅಲ್ಲಿಯೂ ಇದ್ದುವು!

ಯಾಜಕದೀಕ್ಷೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ವಿವಾಹದ ವಿಷಯವಾದರೋ ಅತ್ಯಂತ ರಸವತ್ತಾದುದು. ಪಾದ್ರಿಯು ವಧೂವರರ ಕೈಗಳನ್ನು ಜೋಡಿಸುತ್ತಿರುವನು. ಈ ಕಾರ್ಯವು ನಡೆಯುತ್ತಿದ್ದುದು ಇಗರ್ಜಿಯ ಒಳಗಲ್ಲ, ಬಾಗಿಲಲ್ಲಿ. ಅಲ್ಲಿಯೇ ಗಂಡನು ತನ್ನ ಭೂಮಿಯಲ್ಲಿ ಹೆಂಡತಿಗೆ ವಿಧವಾವಸ್ಥೆಯಲ್ಲಿ ಸಲ್ಲತಕ್ಕ ಭಾಗವನ್ನು ಎಲ್ಲರೆದುರಿಗೆ ಹೇಳುತ್ತಿದ್ದನು; ಅನಂತರವೇ ಒಳಗೆ ಬಲಿಪೂಜೆ. ಆದರೆ ಶಾಸ್ತ್ರದ ಸೂಕ್ಷ್ಮವೊಂದಿದ್ದಿತು. ಮದುವೆಯನ್ನು ಮಾಡುವವನು ಪಾದ್ರಿಯಲ್ಲ. ಗಂಡುಹೆಣ್ಣುಗಳು ತಾವೇ ವರ್ತಮಾನಕಾಲದ ಕ್ರಿಯಾಪದದಲ್ಲಿ ‘ನಿನ್ನನ್ನು ವರಿಸುತ್ತೇನೆ’ ಎಂದು ಪರಸ್ಪರ ನುಡಿದರೆ, ಪಾದ್ರಿಯಿಲ್ಲದಿದ್ದರೂ, ತಂದೆತಾಯಿಗಳ ಒಪ್ಪಿಗೆಯಿಲ್ಲದಿದ್ದರೂ ಆ ಮದುವೆಯು ಬಿಡಿಸಲಾಗದ ಬಂಧನ. ಹಾಗೆ ಗುಟ್ಟಾಗಿ ಮಾಡಿಕೊಳ್ಳುವುದು ದೋಷವೆಂದು ಇಗರ್ಜಿಯು ದಂಡಿಸುತ್ತಿದ್ದಿತು. ಆದರೂ ಮದುವೆಯು ಆಗಲಿಲ್ಲವೆಂದು ಹೇಳುತ್ತಿರಲಿಲ್ಲ.

ಇದಕ್ಕೆ ನಾರ್ಫಕ್ ಸೀಮೆಯಲ್ಲಿಯೇ ಪ್ರಸಿದ್ಧವಾದ ಉದಾಹರಣೆಯಿದೆ. ಪಾಸ್ಟನ್ ಎಂಬ ಜಮೀನುದಾರ ಮನೆತನದ ಕಾಗದಪತ್ರಗಳು ದೈವವಶದಿಂದ ಉಳಿದುಬಂದಿವೆ. ಆ ಮನೆಯ ಮಗಳು ಮಾರ್ಜರಿ ಪಾಸ್ಟನ್ ಎಂಬವಳು ತಮ್ಮ ಮನೆಯ ಪಾರುಪತ್ಯಗಾರನಾದ ರಿಚರ್ಡ್ ಕಾಲ್ ಎಂಬವನೊಡನೆ ಗುಟ್ಟಾಗಿ ವಚನ ಮಾಡಿಕೊಂಡಳು. ತಾಯಿಗೂ ಅಣ್ಣಂದಿರಿಗೂ ಇದು ದೊಡ್ಡ ಅವಮಾನವಾಯಿತು. 1469ರಲ್ಲಿ ನಾರ್ವಿಚ್ಚಿನ ಬಿಷಪ್ಪರು ಅವಳನ್ನು ಕರೆಸಿ, ಕುಲಗೌರವವನ್ನು ನೆನಪಿಗೆ ತಂದು, ನೀನಾಡಿದ ಮಾತುಗಳು ಯಾವುವು ಎಂದು ಕೇಳಿದರು. ಅವಳು ಆ ಮಾತುಗಳನ್ನು ಹೇಳಿ, ಅವು ಸಾಲದಿದ್ದರೆ ಇಲ್ಲಿಂದ ಹೋಗುವ ಮೊದಲೇ ಇನ್ನೂ ಭದ್ರಪಡಿಸುವೆನೆಂದು ಉತ್ತರ ಕೊಟ್ಟಳು. ಅನಂತರ ಬಿಷಪ್ಪರು ರಿಚರ್ಡನನ್ನು ಬೇರೆಯಾಗಿ ವಿಚಾರಿಸಿದರು. ಮದುವೆಯು ಕೊನೆಗೆ ನಿಂತಿತು. ತಾಯಿಯು ಮಗಳಿಗೆ ಮನೆಯ ಬಾಗಿಲನ್ನು ಮುಚ್ಚಿದಳು. ಆದರೆ ಅದೇ ತಾಯಿಯು 1482ರಲ್ಲಿ ಬರೆಸಿದ ಮರಣಶಾಸನದಲ್ಲಿ ಮಾರ್ಜರಿಯ ಮಗನಿಗೆ 20 ಪೌಂಡುಗಳನ್ನು ಬಿಟ್ಟಿದ್ದಾಳೆ. ಧನಬಲ ಜನಬಲಗಳುಳ್ಳ ಮನೆತನವೊಂದು ಒಬ್ಬ ಹುಡುಗಿಯ ಎರಡು ಮಾತುಗಳನ್ನು ಅಳಿಸಲಾರದೆ ಹೋದುದು ಸಂಸ್ಕಾರದ ಬಲದಿಂದ.

ಕೊನೆಯದು ಅಂತ್ಯಾಭ್ಯಂಜನ. ರೋಗಿಯು ಹಾಸಿಗೆಯಲ್ಲಿದ್ದಾನೆ, ಪಾದ್ರಿಯು ಪವಿತ್ರ ತೈಲವನ್ನು ಅವನ ಇಂದ್ರಿಯಸ್ಥಾನಗಳಿಗೆ ಹಚ್ಚುತ್ತಾನೆ, ಪಕ್ಕದಲ್ಲಿ ಹೆಂಡತಿ. ಜನರು ಇದಕ್ಕೆ ಅಂಜುತ್ತಿದ್ದರು. ಒಮ್ಮೆ ತೈಲ ಹಚ್ಚಿಸಿಕೊಂಡವನು ಬದುಕಿ ಎದ್ದರೂ ಮಾಂಸ ತಿನ್ನಬಾರದು, ದಾಂಪತ್ಯ ನಡೆಸಬಾರದು, ಸತ್ತವನಂತೆಯೇ ಬಾಳಬೇಕು ಎಂಬ ನಂಬಿಕೆಯು ಬಲವಾಗಿದ್ದಿತು. ಇದು ಸುಳ್ಳೆಂದು ಬಿಷಪ್ಪರು ಮತ್ತೆ ಮತ್ತೆ ಸಾರಿದರೂ ಹೋಗಲಿಲ್ಲ.

ಇಂತಹ ಸಂಸ್ಕಾರಗಳು ನಿಂತುಹೋದರೆ ಏನಾಗುವುದು? ಇಂಗ್ಲೆಂಡು ಅದನ್ನೂ ಕಂಡಿತು. ಜಾನ್ ದೊರೆಗೂ ಪೋಪ್ ಮೂರನೆಯ ಇನ್ನೊಸೆಂಟರಿಗೂ ವಿರಸ ಬಂದಾಗ, 1208ರಿಂದ 1214ರವರೆಗೆ ದೇಶದ ಮೇಲೆಲ್ಲ ಬಹಿಷ್ಕಾರವನ್ನು ಹಾಕಿದರು. ಶಿಶುಗಳ ಸ್ನಾನ, ಸಾಯುವವರ ಪಾಪನಿವೇದನೆ ಇವೆರಡು ಹೊರತು ಇಗರ್ಜಿಯ ಸಾರ್ವಜನಿಕ ಕಾರ್ಯಗಳು ನಿಂತುವು; ಗಂಟೆಗಳು ಮೌನವಾದುವು; ಹೆಣಗಳನ್ನು ಪ್ರಾರ್ಥನೆಯಿಲ್ಲದೆ ಪವಿತ್ರವಲ್ಲದ ನೆಲದಲ್ಲಿ ಹೂಳಿದರು. ರಾಜರ ಜಗಳಕ್ಕೆ ಸಂಸಾರಿಗಳು ದಂಡ ತೆತ್ತರು. ಮುಂದೆ ಮಹಾಮಾರಿಯು ಬಂದಾಗ ಪಾದ್ರಿಗಳೇ ಗುಂಪುಗುಂಪಾಗಿ ಸತ್ತರು. 1349ರ ಜನವರಿಯಲ್ಲಿ ಬಾತ್ ಮತ್ತು ವೆಲ್ಸ್ ಸೀಮೆಯ ಬಿಷಪ್ಪರು, ಪಾದ್ರಿಯು ಸಿಕ್ಕದಿದ್ದರೆ ಸಾಯುವವರು ಸಾಮಾನ್ಯನಿಗೆ, ಅವನೂ ಇಲ್ಲದಿದ್ದರೆ ಹೆಂಗಸಿಗಾದರೂ ಪಾಪನಿವೇದನೆ ಮಾಡಬಹುದೆಂದು ಅಪ್ಪಣೆ ಕೊಡಿಸಿದರು. ಆಪದ್ಧರ್ಮವು ಎಲ್ಲ ಶಾಸ್ತ್ರಗಳಲ್ಲಿಯೂ ಉಂಟು.

ನಾರ್ವಿಚ್ಚಿನ ಪಶ್ಚಿಮಕ್ಕಿರುವ ಈಸ್ಟ್ ಡೀರಮ್ ಪಟ್ಟಣದ ತೊಟ್ಟಿಯ ವೆಚ್ಚವು ಇಗರ್ಜಿಯ ಲೆಕ್ಕದಲ್ಲಿ ಉಳಿದಿದೆ. 1468ರಲ್ಲಿ ಅದಕ್ಕೆ 12 ಪೌಂಡು 13 ಷಿಲಿಂಗು 9 ಪೆನ್ಸು ತಗುಲಿತು. ಆಗ ಕೂಲಿಯಾಳಿನ ದಿನದ ಸಂಬಳವು ಸುಮಾರು 4 ಪೆನ್ಸು. ಎಂದರೆ ಒಬ್ಬನು 760 ದಿನ ದುಡಿದರೆ ಬರುವ ಹಣವನ್ನು ಊರಿನವರು ಒಂದು ಸ್ನಾನದ ತೊಟ್ಟಿಗೆ ವೆಚ್ಚಮಾಡಿದರು. ಇಷ್ಟು ಶ್ರದ್ಧೆಯಿಂದ, ಅದೂ ಈ ಎರಡು ಸೀಮೆಗಳಲ್ಲಿಯೇ, ಏಳು ಸಂಸ್ಕಾರಗಳನ್ನು ಕಲ್ಲಿನಲ್ಲಿ ಕಡೆಯಿಸಲು ಕಾರಣವೇನು? ಇದಕ್ಕೆ ಉತ್ತರ ಹುಡುಕುವವರು ಮಾರ್ಥಮ್ ಮತ್ತು ಲಾಡನ್ ಎಂಬ ಎರಡು ಊರುಗಳಿಗೆ ಹೋಗಬೇಕು.

ಮಾರ್ಥಮ್ ಸಮುದ್ರಕ್ಕೆ ಸಮೀಪದಲ್ಲಿದೆ. ಲಾಡನ್ ನಾರ್ವಿಚ್ಚಿನ ಆಗ್ನೇಯಕ್ಕಿದೆ. ಎರಡರ ಇಗರ್ಜಿಗಳಲ್ಲಿಯೂ ಏಳು ಸಂಸ್ಕಾರಗಳ ತೊಟ್ಟಿಗಳಿವೆ. ಆ ತೊಟ್ಟಿಗಳ ಕಾಲಕ್ಕೆ ಒಂದೆರಡು ತಲೆಮಾರು ಮೊದಲು ಈ ಊರುಗಳಲ್ಲಿ ಲಾಲರ್ಡರೆಂಬ ಪಂಥದವರು ಇದ್ದರು. ಜಾನ್ ವಿಕ್ಲಿಫ್ ಎಂಬ ಪಂಡಿತನ ಬೋಧನೆಯಿಂದ ಹುಟ್ಟಿದ ಈ ಪಂಥವು ಪಾದ್ರಿಗಳ ಅಧಿಕಾರವನ್ನು ಅಲ್ಲಗಳೆಯುತ್ತಿದ್ದಿತು. 1428ರಿಂದ 1431ರವರೆಗೆ ನಾರ್ವಿಚ್ಚಿನ ಬಿಷಪ್ ಆಲ್ನಿಕ್ ಎಂಬವರು ಇವರನ್ನು ಹಿಡಿಸಿ ವಿಚಾರಣೆ ಮಾಡಿದರು. ಸಿಕ್ಕಿದವರಲ್ಲಿ ಹಲವರು ಬಡಗಿ, ಚಮ್ಮಾರ ಮೊದಲಾದ ಕಸಬಿನವರು. ಅವರಲ್ಲಿ ಹೆಂಗಸರೂ ಇದ್ದರು.

ಮಾರ್ಥಮಿನ ಬಡಗಿಯೊಬ್ಬನ ಹೆಂಡತಿಯಾದ ಮಾರ್ಜರಿ ಬ್ಯಾಕ್ಸ್ಟರ್ ಎಂಬವಳು ನೆರೆಯ ಹೆಂಗಸರೊಡನೆ ಒಲೆಯ ಬಳಿ ಹೊಲಿಗೆ ಹೊಲಿಯುತ್ತ ಕುಳಿತು, ಪಾದ್ರಿಗಳು ಎತ್ತಿ ತೋರಿಸುವ ರೊಟ್ಟಿಯು ದೇವರಾದರೆ ದೇವರು ಲೆಕ್ಕವಿಲ್ಲದಷ್ಟಾಗಬೇಕಲ್ಲವೆ, ದಿನದಿನವೂ ಸಾವಿರಾರು ರೊಟ್ಟಿಗಳನ್ನು ಮಾಡಿ ತಿನ್ನುವರಲ್ಲ ಎಂದಳಂತೆ. ಕೇಳಿದ ನೆರೆಯವಳೇ ಸಾಕ್ಷಿ ಹೇಳಿದಳು. ಬರಿಗಾಲಿನಲ್ಲಿ ದೀಪ ಹಿಡಿದು, ನಾಲ್ಕು ಭಾನುವಾರ ಮಾರ್ಥಮಿನ ಇಗರ್ಜಿಯ ಸುತ್ತ ಏಟು ತಿನ್ನುತ್ತ ನಡೆಯಬೇಕೆಂದು ಮಾರ್ಜರಿಗೆ ದಂಡನೆಯಾಯಿತು. ಲಾಡನಿನ ಚಮ್ಮಾರನ ಹೆಂಡತಿ ಹಾವಿಸ್ ಮೋನ್ ಎಂಬವಳು 1430ರಲ್ಲಿ ತನ್ನ ಮತವನ್ನು ತ್ಯಜಿಸುವ ಪತ್ರಕ್ಕೆ ಒಪ್ಪಿದಳು. ನೀರಿನ ಸ್ನಾನದಿಂದ ಮಗುವಿಗೆ ಹೆಚ್ಚಿನ ಪ್ರಯೋಜನವಿಲ್ಲ, ಪಾಪವನ್ನು ದೇವರಿಗೇ ನಿವೇದಿಸಬೇಕು, ಗಂಡುಹೆಣ್ಣುಗಳ ಪ್ರೀತಿಯ ಒಪ್ಪಿಗೆಯಿದ್ದರೆ ಮಾತೂ ಬೇಡ ಇಗರ್ಜಿಯೂ ಬೇಡ ಎಂಬುವು ಅವಳ ಅಭಿಪ್ರಾಯಗಳಾಗಿದ್ದುವೆಂದು ಅದರಿಂದ ತಿಳಿಯುತ್ತದೆ. ಇವರ ಗುರುವಾದ ವಿಲಿಯಂ ವೈಟ್ ಎಂಬವನನ್ನು 1428ರಲ್ಲಿ ನಾರ್ವಿಚ್ಚಿನಲ್ಲಿ ಸುಟ್ಟರು.

ಈ ಮಾತುಗಳಿಗೆ ಪ್ರತ್ಯುತ್ತರವಾಗಿಯೇ ಕಲ್ಲಿನ ತೊಟ್ಟಿಗಳು ಹುಟ್ಟಿದುವೆಂದು ಕೆಲವು ವಿದ್ವಾಂಸರು ಹೇಳುವರು. ತೊಟ್ಟಿಗಳಲ್ಲಿ ಬಹಳವು ವಿಚಾರಣೆಗಳ ತರುವಾಯ ಎಷ್ಟೋ ವರ್ಷಗಳಿಗೆ ಆದುವು, ಜನರ ಸಹಜಭಕ್ತಿಯೇ ಕಾರಣವೆಂದು ಮತ್ತೆ ಕೆಲವರು. ವಾದವು ಹೇಗಾದರೂ ಇರಲಿ. ಪಾಸ್ಟನ್ನರ ಮಗಳನ್ನು ಕಾಪಾಡಿದ ಸಂಸ್ಕಾರವೇ ಬಡಗಿಯ ಹೆಂಡತಿಯ ಬೆನ್ನಿಗೆ ಚಾಟಿಯಾಯಿತು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳದವನು ಆ ಕಾಲವನ್ನು ಅರಿತವನಲ್ಲ.

ಮುಂದೆ ಕಾಲಚಕ್ರವು ತಿರುಗಿತು. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಇಗರ್ಜಿಯು ರೋಮಿನಿಂದ ಬೇರೆಯಾಗಿ, ಏಳರಲ್ಲಿ ದೀಕ್ಷಾಸ್ನಾನ ಮತ್ತು ಪ್ರಸಾದಭೋಜನ ಎರಡನ್ನೇ ಕ್ರಿಸ್ತನು ವಿಧಿಸಿದ ಸಂಸ್ಕಾರಗಳೆಂದು ಒಪ್ಪಿತು. ವಿಗ್ರಹಭಂಜಕರು ತೊಟ್ಟಿಗಳ ಮೇಲೆ ಸುತ್ತಿಗೆ ಹಿಡಿದರು. ಅನೇಕ ಕಡೆ ಮೂರ್ತಿಗಳ ತಲೆಗಳು ಮಾತ್ರ ಹಾರಿಹೋಗಿವೆ. ಲಾಡನಿನಲ್ಲಿ ಏನನ್ನೂ ಉಳಿಸಿಲ್ಲ. ಅಷ್ಟಮುಖಗಳನ್ನೂ ಉಳಿಯಿಂದ ಕೆತ್ತಿ ತೆಗೆದಿದ್ದಾರೆ. ಅಲ್ಲಿನ ಇಗರ್ಜಿಯ ವಿಗ್ರಹಗಳನ್ನು ಕೆಡಿಸಿದ್ದಕ್ಕಾಗಿ ಒಬ್ಬ ಗಾಜಿನ ಕೆಲಸದವನಿಗೆ 6 ಷಿಲಿಂಗು ಕೊಟ್ಟರೆಂದು 1642ರ ಲೆಕ್ಕವು ಹೇಳುವುದು. ಡೀರಮಿನವರು ಕಡೆಯಿಸಲು ಕೊಟ್ಟ ಮೊತ್ತವನ್ನು ಇದರೊಡನೆ ಹೋಲಿಸಿ ನೋಡಿದರೆ, ಕಟ್ಟುವುದಕ್ಕಿಂತ ಕೆಡಹುವುದು ಎಷ್ಟು ಅಗ್ಗವೆಂಬುದು ತಿಳಿಯುವುದು.

ಆದರೆ ಲಾಡನಿನ ತೊಟ್ಟಿಯನ್ನು ಸುತ್ತಿ ನೋಡಿದಾಗ ಒಂದು ಸಂಗತಿಯು ಗಮನಕ್ಕೆ ಬರುತ್ತದೆ. ಹೊರಮೈಯನ್ನೆಲ್ಲ ಸವರಿಹಾಕಿದ ಕೈಗಳು ಒಳಗಿನ ಬೋಗುಣಿಯನ್ನು ಒಡೆಯಲಿಲ್ಲ. ಇಗರ್ಜಿಯನ್ನು ತಿದ್ದಹೊರಟವರ ಮನೆಗಳಲ್ಲಿಯೂ ಮಕ್ಕಳು ಹುಟ್ಟುತ್ತಿದ್ದುವು. ಆ ಮಕ್ಕಳಿಗೂ ನೀರೆರೆದು, ನೆರೆಯವರೆದುರಿಗೆ ಹೆಸರಿಡಬೇಕಾಗಿದ್ದಿತು. ನೀರು ಬೇಡವೆಂದು ಹಾವಿಸ್ ಮೋನಳು ನುಡಿದ ಊರಿನಲ್ಲಿ, ಚಿತ್ರಗಳೆಲ್ಲ ಅಳಿದ ಮೇಲೆಯೂ ನೀರು ಹಿಡಿಯುವ ಕಲ್ಲು ಉಳಿದುಕೊಂಡಿತು.